ಬುತ್ತಿ ಕಂಡಕ್ಟರನ ಕಪ್ಪು-ಬಿಳುಪು

ಬೂದು ಬಣ್ಣಕ್ಕೆ ಒಂದು ಕಪ್ಪು ಶಾಯಿ ಸಾಕೇ, ಅಥವಾ ಅದಕ್ಕೆಂದೇ ಬೇರೆ ಶಾಯಿ ಬೇಕೇ? ಬೇಡ ಅನ್ನುವುದಾದರೆ ಕಾಗದದ ಮೇಲೆ ಮಾಮಾನ ಮುಖ ಹೆಸರುಕಾಳಿನ ಹಾಗೆ ಹಸಿರಾದದ್ದು ಯಾಕೆ? ಬೇಕು ಅನ್ನುವುದಾದರೆ, ಇದ್ದ ಬಣ್ಣಗಳನ್ನೇ ಕೂಡಿಸಿದರೆ ಬೂದು ತಾನಾಗಿ ಬರುತ್ತದೆ ಎಂದು ವಿಡಿಯೊದಲ್ಲಿ ಆ ಮನುಷ್ಯ ಅಷ್ಟು ನಗುನಗುತ್ತ ಹೇಳಿದ್ದು ಸುಳ್ಳೇ? ಅವನಿಗೆ ಸೋದರಮಾವ ಇರಲಿಲ್ಲವೇ?

ಸಿಂದಗಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಎರಡು ಕೈಯಲ್ಲಿ ಎರಡು ಕಾಗದ ಹಿಡಿದು, ಸಿದ್ಧರಾಮ ಹೀಗೆ ಯೋಚನೆಯಲ್ಲಿ ಮುಳುಗಿ ನಿಂತಿದ್ದ. ಇವನಿರುವುದು ಇಂಡಿ ಊರಿನಲ್ಲಿ. ಅಲ್ಲಿನ ನಿಂಬೆ ಬೆಳೆಗಾರರ ಸಂಘವೊಂದರಲ್ಲಿ ಗುಮಾಸ್ತ. ಪ್ರಿಂಟರ್ ಕೊಳ್ಳುವ ಸಲುವಾಗಿ ಒಂದು ತಿಂಗಳಿನಿಂದ ವಿಡಿಯೊ ನೋಡಿ ನೋಡಿ, ಕಡೆಗೆ ಏನೂ ಗೊತ್ತಿಲ್ಲದವನಿಗಿಂತ ಹೆಚ್ಚು ಗೊಂದಲದಲ್ಲಿದ್ದ. ವಿದ್ಯೆಯ ಲಕ್ಷಣವೇ ಅದು.

ಕಾರಣ ಒಂದು ಹಳೆಯ ಫೋಟೊ. ಅಂಗೈಗಿಂತ ಚಿಕ್ಕದು, ಕಪ್ಪು-ಬಿಳುಪು. ಕಾಲೇಜಿನ ಗೆಳೆಯನೊಬ್ಬ ಸಿಂದಗಿ ಬಸ್ ನಿಲ್ದಾಣದಲ್ಲಿ ತೆಗೆದದ್ದು. ಬಸ್ಸಿನ ಮೆಟ್ಟಿಲ ಮೇಲೆ ಸೋದರಮಾವ ಪರಸಪ್ಪ ನಿಂತಿದ್ದಾರೆ. ಖಾಕಿ ಅಂಗಿ, ಬಾಯಲ್ಲಿ ಸೀಟಿ, ಎರಡೂ ಹೆಗಲಿಗೆ ಗೊಂಚಲು ಗೊಂಚಲಾಗಿ ಬುತ್ತಿಯ ಚೀಲಗಳು. ಆಗ ಹಳ್ಳಿಯ ತಾಯಂದಿರು ಪೇಟೆಯಲ್ಲಿ ಓದುವ ಮಕ್ಕಳಿಗೆ ರೊಟ್ಟಿ ಕಟ್ಟಿ ಬಸ್ಸಿಗೆ ಕೊಡುತ್ತಿದ್ದರು. ಪರಸಪ್ಪ ಕಂಡಕ್ಟರಾಗಿದ್ದ ಬಸ್ಸಿಗೆ ಹೆಚ್ಚು ಕೊಡುತ್ತಿದ್ದರು. ಆ ಗೊಂಚಲಿನಲ್ಲಿ ಒಂದು ಚೌಕಡಿಯ ಬಟ್ಟೆಯ ಚೀಲವಿದೆ. ಅದು ಹುಟ್ಟೂರು ಅಗರಖೇಡದಿಂದ ಸಿದ್ಧರಾಮನ ತಾಯಿ ಕಳಿಸುತ್ತಿದ್ದ ಬುತ್ತಿ. ಅದನ್ನು ಉಂಡು ಅವನು ಬಿ.ಎ. ಮುಗಿಸಿದ.

ಈ ಉಪಕಾರಕ್ಕೆ ಮಾವನ ಎದುರು ಒಂದು ಮಾತು ಆಡಬೇಕೆಂದು ಅವನಿಗೆ ಬಹಳ ವರ್ಷದಿಂದ ಆಸೆ. ಆದರೆ ನಮ್ಮ ಕಡೆ ಧನ್ಯವಾದ ಅನ್ನುವುದು ಮೈಕಿನ ಮುಂದೆ ಮಾತ್ರ. ಮನೆಯಲ್ಲಿ ಅಂದರೆ ಜನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಹಾಗಾಗಿ, ಬಾಯಿ ಆಡದ ಮಾತನ್ನು ಫೋಟೊ ಆಡಲಿ ಎಂದು ಸಿದ್ಧರಾಮ ನಿಶ್ಚಯಿಸಿದ. ಸೋಮವಾರ ಪರಸಪ್ಪ ಕಣ್ಣು ತೋರಿಸಲು ತಮ್ಮ ಊರು ತಾಂಬಾದಿಂದ ಇಂಡಿಗೆ ಬರುವವರಿದ್ದರು. ಅಷ್ಟರೊಳಗೆ ಫೋಟೊ ದೊಡ್ಡದಾಗಬೇಕು, ಚೀಲದ ಚೌಕಡಿ ಎದ್ದು ಕಾಣಬೇಕು.

ಮೊದಲು ಸ್ಟುಡಿಯೊಕ್ಕೆ ಕೊಟ್ಟಿದ್ದ. ಅವರು ಪ್ರೀತಿಯಿಂದ ಪರಸಪ್ಪನ ತುಟಿಗೆ ಗುಲಾಬಿ ಬಣ್ಣ ಹಚ್ಚಿ, ಹಿಂದಿನ ಬಸ್ಸು ತೆಗೆದು ಹಿಮದ ಬೆಟ್ಟ ನಿಲ್ಲಿಸಿದ್ದರು. ಬುತ್ತಿಯ ಚೀಲಗಳೆಲ್ಲ ಕೂಡಿ ಒಂದು ಕಪ್ಪು ಗಂಟಾಗಿದ್ದವು. ಅವತ್ತೇ ಅವನು ಮನೆಗೊಂದು ಪ್ರಿಂಟರ್ ತರುವ ಶಪಥ ಮಾಡಿದ್ದು.

"ಸರ, ಬಣ್ಣದ ಮಶಿನ್ ತಗೊಂಡು ಕಪ್ಪು-ಬಿಳುಪು ತಗೀತೇನಿ ಅಂತೀರಲ್ಲ," ಎಂದ ಅಂಗಡಿಯ ಹಾಜಿಮಲಂಗ. "ಜೋಡೆತ್ತು ಕೊಂಡು ಒಂದ ಹೂಡಿದಂಗ ಆತು. ಅದರಕಿಂತ ಆಫೀಸಿನ ಲೇಸರ್ ಮಶಿನ್ ಒಯ್ಯಿರಿ."

"ಅದರಾಗ ಮುಖ ಆಧಾರ್ ಕಾರ್ಡಿನ ಝೆರಾಕ್ಸ್ ಆದಂಗ ಆಗತೈತ್ರಿ."

"ಹಂಗಾದ್ರ ಈ ನಾಕು ಬಾಟ್ಲಿ ಶಾಯೀದು. ಮದುವಿ ಫೋಟೊನೂ ಬರತಾವು, ಹುಡುಗರ ಸಾಲಿ ಪ್ರಾಜೆಕ್ಟೂ ಬರತಾವು."

"ಅದರಾಗ ಹಸರ ಬಂತಲ್ರಿ. ನೋಡ್ರಿ ಇಲ್ಲಿ."

ಹಾಜಿಮಲಂಗ ಕಾಗದವನ್ನು ದೂರ ಹಿಡಿದು ನೋಡಿದ. "ಹಸರ ಅಲ್ರಿ ಸರ, ಅವರ ಮುಖದಾಗ ತಂಪು ಕಳೆ ಬಂದೈತಿ."

ಕಡೆಗೆ ಮೂಲೆಯಲ್ಲಿ ಧೂಳು ಹೊದ್ದಿದ್ದ ಒಂದು ಪೆಟ್ಟಿಗೆ ಹೊರಗೆ ಬಂತು. ಅದಕ್ಕೆ ಕಪ್ಪಿನ ಜೊತೆ ಬೂದು ಬಣ್ಣದ್ದೇ ಬೇರೆ ಶಾಯಿ ಇತ್ತು. ಹೊಳಪಿಲ್ಲದ ದಪ್ಪ ಕಾಗದ ಹಾಕಿ ತೆಗೆದಾಗ ಪರಸಪ್ಪ ಹಸಿರೂ ಆಗದೆ, ನೇರಳೆಯೂ ಆಗದೆ, ಪರಸಪ್ಪನೇ ಆಗಿ ಹೊರಬಂದರು. ಸಿದ್ಧರಾಮನ ಕಣ್ಣು ತುಂಬಿತು.

"ಇದ ಬೇಕ್ರಿ. ದೊಡ್ಡ ಸೈಜ್ ಬರತೈತಲ್ಲ? ಗೋಡೆಗೆ ಹಾಕೂದೈತಿ. ನಮ್ಮ ಸ್ವಾದರಮಾವ."

ಹಾಜಿಮಲಂಗನ ಮುಖ ಬದಲಾಯಿತು. ಹಳೆಯ ಫೋಟೊ, ಕಪ್ಪು-ಬಿಳುಪು, ದೊಡ್ಡ ಸೈಜು, ಗೋಡೆ, ಗಿರಾಕಿಯ ಕಣ್ಣಲ್ಲಿ ನೀರು. ನಮ್ಮ ಕಡೆ ಮನುಷ್ಯ ಬದುಕಿರುವ ತನಕ ಬಣ್ಣದಲ್ಲಿರುತ್ತಾನೆ. ದೊಡ್ಡದಾಗಿ, ಕಪ್ಪು-ಬಿಳುಪಾಗಿ ಗೋಡೆ ಏರಲು ಅವನು ಪೂರೈಸಬೇಕಾದ ಅರ್ಹತೆ ಒಂದೇ. ಹಾಜಿಮಲಂಗ ಟಿ.ವಿ.ಯ ಸದ್ದು ತಗ್ಗಿಸಿದ, ಚಹಾ ತರಿಸಿದ, ಕಾಗದದ ಒಂದು ಕಟ್ಟನ್ನು ಕೇಳದೆಯೇ ಪೆಟ್ಟಿಗೆಯೊಳಗೆ ಇಟ್ಟ.

"ವಾರಕ್ಕೊಮ್ಮೆ ಒಂದು ಫೋಟೊ ತಗೀರಿ ಸರ. ನಮ್ಮ ಬಿಸಲಿಗೆ ಶಾಯಿ ಒಣಗಿ ಅದರ ಮೂಗು ಕಟ್ಟತೈತಿ," ಎಂದು ಮೆಲ್ಲಗೆ ಹೇಳಿ, ಬಸ್ಸಿನ ತನಕ ಪೆಟ್ಟಿಗೆ ಹೊತ್ತು ಬಂದು, ಅವನ ಭುಜ ಒತ್ತಿದ. "ಗಟ್ಟಿ ಆಗ್ರಿ."

ಪ್ರಿಂಟರ್ ನಡೆಸಲು ಇಷ್ಟೊಂದು ಗಟ್ಟಿತನ ಬೇಕೇ ಎಂದು ಸಿದ್ಧರಾಮನಿಗೆ ಕೊಂಚ ಅಳುಕಾಯಿತು. ಆದರೂ ಎಂಥ ವ್ಯಾಪಾರಿ! ದಾರಿಯುದ್ದಕ್ಕೂ ಅವನ ಮನಸ್ಸು ಹಾಜಿಮಲಂಗನಿಗೆ ಕೈ ಮುಗಿಯುತ್ತಿತ್ತು.

ಶನಿವಾರ ಯಂತ್ರಕ್ಕೆ ಪೂಜೆ. ಟ್ರ್ಯಾಕ್ಟರಿರಲಿ, ಹಿಟ್ಟಿನ ಗಿರಣಿ ಇರಲಿ, ಹೊಸ ಯಂತ್ರ ಅರಿಶಿನ-ಕುಂಕುಮ ಕಾಣದೆ ನಮ್ಮಲ್ಲಿ ಕೆಲಸ ಮುಟ್ಟುವುದಿಲ್ಲ. ಹೆಂಡತಿ ರಾಜಶ್ರೀ ಪ್ರಿಂಟರಿಗೆ ಕುಂಕುಮ ಹಚ್ಚಿ, ಸೇವಂತಿಗೆಯ ಮಾಲೆ ಹಾಕಿ, ಕಾಯಿ ಒಡೆದಳು. ಗುಂಡಿ ಒತ್ತಿದ ಕೂಡಲೇ ಯಂತ್ರ ಕಾಗದದ ಜೊತೆ ಮಾಲೆಯನ್ನೂ ಒಳಗೆ ಎಳೆಯತೊಡಗಿತು.

"ಅಯ್ಯ, ಹೂವೂ ತಿಂತೈತಲ್ಲರೀ ಇದು!" ಎಂದು ರಾಜಶ್ರೀ ಮಾಲೆ ಕಿತ್ತು, ಕೈಗೆ ಸಿಕ್ಕ ಗೋಡೆಯ ಮೊಳೆಗೆ ಹಾಕಿದಳು.

ಫೋಟೊ ಬಂತು. ಬಾಗಿಲಷ್ಟು ಅಲ್ಲದಿದ್ದರೂ ಕಿಟಕಿಯ ಬಾಗಿಲಷ್ಟು ದೊಡ್ಡದು ಎಂದು ಸಿದ್ಧರಾಮ ಮುಂದೆ ಹೇಳುತ್ತಿದ್ದ. ನಿಜವಾಗಿ ಒಂದು ಊಟದ ತಾಟಿನಷ್ಟಿತ್ತು. ಶಾಯಿ ಪೂರ್ತಿ ಆರುವ ತನಕ ಕಟ್ಟು ಹಾಕಬಾರದು, ಹಾಕಿದರೆ ಗಾಜಿನ ಒಳಗೆ ಮಂಜು ಕೂಡುತ್ತದೆ ಎಂದು ವಿಡಿಯೊ ಹೇಳಿತ್ತು. ಆದ್ದರಿಂದ ಅದನ್ನು ರಟ್ಟಿಗೆ ಅಂಟಿಸಿ, ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿದ. ಸರಿಯಾಗಿ ಮಾಲೆಯ ಕೆಳಗೆ. ಶಾಯಿಯ ವಾಸನೆಗೆ ತಲೆ ಹಿಡಿಯುತ್ತದೆಂದು ರಾಜಶ್ರೀ ಅದರ ಮುಂದೆ ಎರಡು ಊದಿನಕಡ್ಡಿ ಹಚ್ಚಿಟ್ಟಳು. ಆಮೇಲೆ ಸಿದ್ಧರಾಮ ಫೋಟೊದ ಮುಂದೆ ನೆಲದ ಮೇಲೆ ಕುಳಿತು, ಚೌಕಡಿ ಸರಿಯಾಗಿ ಮೂಡಿದೆಯೇ ಎಂದು ಕಣ್ಣು ಮಿಟುಕಿಸದೆ ನೋಡತೊಡಗಿದ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಆ ಹೊತ್ತಿಗೆ ಪಕ್ಕದ ಮನೆಯ ಶೆಟ್ಟೆವ್ವ ಹಾಲಿಗೆ ಹೆಪ್ಪು ಕೇಳಲು ಬಂದಳು. ಬಾಗಿಲು ತೆರೆದಿತ್ತು. ನೋಡಿದಳು. ಹೆಪ್ಪು ಕೇಳಲಿಲ್ಲ. ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟುಹೋದಳು.

ಇಲ್ಲಿ ಓದುಗರು ಕೇಳಬಹುದು: ಏನಾಯಿತು ಎಂದು ಒಂದು ಮಾತು ಕೇಳಬಾರದಿತ್ತೇ? ಬಾರದು. ಸಾವಿನ ಮನೆಯಲ್ಲಿ ಕೇಳುವವನು ದಡ್ಡ, ಹೇಳಿಸುವವನು ಪಾಪಿ. ಹೋಗಬೇಕು, ಸುಮ್ಮನೆ ಕೂಡಬೇಕು, ಬರಬೇಕು. ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಅಡಿಗೆ ಮಾಡಿ ಒಯ್ಯಬೇಕು. ಮನುಷ್ಯರು ಕಂಡುಕೊಂಡ ಸಂಪ್ರದಾಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ತಪ್ಪು ತಿಳಿವಳಿಕೆಯೊಂದು ಬೆಳೆಯಲು ಇದಕ್ಕಿಂತ ಒಳ್ಳೆಯ ಹೊಲವೂ ಇಲ್ಲ.

ರವಿವಾರ ಬೆಳಗಾಗುತ್ತಲೂ ಬುತ್ತಿ ಬರತೊಡಗಿತು. ಶೆಟ್ಟೆವ್ವನ ಮನೆಯಿಂದ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಎದುರು ಮನೆಯಿಂದ ಅನ್ನ, ಬೇಳೆ. ಹಿಂದಿನ ಓಣಿಯಿಂದ ಮತ್ತೆ ರೊಟ್ಟಿ. ತಂದವರು ಅಡಿಗೆಮನೆಯಲ್ಲಿಟ್ಟು, ರಾಜಶ್ರೀಯ ಕೈ ಹಿಡಿದು, ಮಾತಿಲ್ಲದೆ ಹೋಗುತ್ತಿದ್ದರು. ಶೆಟ್ಟೆವ್ವ ಮಾತ್ರ ತಡೆಯಲಾರದೆ ಅತ್ತಳು. ಸೊಸೆಯ ಜೊತೆ ಮತ್ತೆ ಜಗಳವಾಗಿರಬೇಕೆಂದು ರಾಜಶ್ರೀ ತಿಳಿದು ತಾನೂ ಅತ್ತಳು. ಅಳುವವರ ಜೊತೆ ಮೊದಲು ಅತ್ತು ಕಾರಣ ಆಮೇಲೆ ಕೇಳುವುದು ನಮ್ಮ ಕಡೆಯ ಮರ್ಯಾದೆ. ಆಮೇಲೆ ಕೇಳುವುದು ಎಷ್ಟೋ ಸಲ ಮರೆತುಹೋಗುತ್ತದೆ.

"ಎಂಥಾ ಮಂದಿ ನಮ್ಮ ಓಣ್ಯಾಗ!" ಎಂದ ಸಿದ್ಧರಾಮ. "ಒಂದು ಪ್ರಿಂಟರ್ ತಂದಿದ್ದಕ್ಕ ಎಷ್ಟು ಖುಷಿ ಪಟ್ಟಾರ ನೋಡು."

"ಖುಷಿ ಆದ್ರ ಯಾರರೆ ಒಂದು ಸಿಹಿ ತರಬೇಕಿತ್ತಲ್ರಿ? ಬರೇ ರೊಟ್ಟಿ, ಬ್ಯಾಳಿ."

"ನನಗ ಶುಗರ್ ಐತಿ ಅಂತ ಗೊತ್ತೈತಿ ಅವರಿಗೆ. ಅಷ್ಟು ಕಾಳಜಿ!"

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಸಂಜೀವಕುಮಾರರ ಫೋನ್ ಬಂತು. ಜ್ವರ ಬಂದರೆ ಥರ್ಮಾಮೀಟರಿನ ಫೋಟೊ ಕೇಳುವ ಅಧಿಕಾರಿ ಅವರು. "ಸಿದ್ಧರಾಮ, ಈ ವಾರ ಆಫೀಸಿಗೆ ಬರಬ್ಯಾಡ್ರಿ. ಮನಿಯಾಗ ಇರ್ರಿ. ಇಂಥಾ ಹೊತ್ತಿನಾಗ ಆಫೀಸ್ ಮುಖ್ಯ ಅಲ್ಲ. ನಾನು ಮಧ್ಯಾಹ್ನ ಸಿಬ್ಬಂದಿ ಕರಕೊಂಡು ಬರತೇನಿ."

ಫೋನ್ ಇಟ್ಟ ಸಿದ್ಧರಾಮ ಬಹಳ ಹೊತ್ತು ಪ್ರಿಂಟರನ್ನೇ ನೋಡಿದ. ಒಂದು ಯಂತ್ರಕ್ಕೆ ಒಂದು ವಾರ ರಜೆ! ಬೂದು ಶಾಯಿಯ ಮಹತ್ವ ಈ ಊರಿಗೆ ಇಷ್ಟು ಗೊತ್ತಿದೆ ಎಂದು ಅವನು ತಿಳಿದಿರಲಿಲ್ಲ.

ಮಧ್ಯಾಹ್ನ ಪಡಸಾಲೆ ತುಂಬಿತು. ಜಮಖಾನೆಯ ಮೇಲೆ ಎಲ್ಲರೂ ಫೋಟೊದ ಕಡೆ ಮುಖ ಮಾಡಿ, ತಲೆ ಬಗ್ಗಿಸಿ ಕುಳಿತರು. ಯಾರೂ ಮಾತಾಡಲಿಲ್ಲ. ಜನ ಫೋಟೊ ನೋಡಿ ಮೂಕರಾಗಿದ್ದಾರೆಂದು ಸಿದ್ಧರಾಮನೂ ಮಾತಾಡಲಿಲ್ಲ. ಒಂದು ಒಳ್ಳೆಯ ಪ್ರಿಂಟಿನ ಮುಂದೆ ಮಾತು ದಂಡ ಎಂದು ಅವನಿಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಈಗ ಊರೇ ಅದನ್ನು ಒಪ್ಪಿತ್ತು. ಫ್ಯಾನು ತಿರುಗುತ್ತಿತ್ತು. ಇಷ್ಟು ಜನ ಇಷ್ಟು ಹೊತ್ತು ಇಷ್ಟು ಬೇರೆ ಬೇರೆ ಕಾರಣಕ್ಕೆ ಒಂದೇ ಮೌನದಲ್ಲಿ ಕುಳಿತದ್ದು ಇಂಡಿಯಲ್ಲಿ ಅದೇ ಮೊದಲಿರಬೇಕು.

ಆ ಹೊತ್ತಿಗೆ ತಾಂಬಾದಲ್ಲಿ ಪರಸಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಶೆಟ್ಟೆವ್ವನ ತಂಗಿ ಸುಮಂಗಲಾಳನ್ನು ಆ ಊರಿಗೆ ಕೊಟ್ಟಿತ್ತು. ಅಕ್ಕನ ಫೋನ್ ಬಂದದ್ದೇ ತಡ, ಅವಳು ಬಾಯಿ ಬಡಿದುಕೊಳ್ಳುತ್ತ ಓಡಿಬಂದು ಕಟ್ಟೆಯ ಮುಂದೆ ಗಕ್ಕನೆ ನಿಂತಳು.

"ಯಾಕ ಬೇ? ಯಾರು ಹೋದರು?" ಎಂದರು ಪರಸಪ್ಪ.

"ನೀವ್ರಿ!"

"ಎಲ್ಲಿ?"

"ಇಂಡಿಯಾಗ್ರಿ. ನಿಮ್ಮ ಅಳಿಯನ ಮನ್ಯಾಗ. ನಿನ್ನಿಗೇ ಫೋಟೊ ಇಟ್ಟಾರಂತ."

ಪರಸಪ್ಪ ಕೈಯಲ್ಲಿದ್ದ ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ಯೋಚಿಸಿದರು. ಒಳಗಿನಿಂದ ಹೆಂಡತಿ ಚಂದವ್ವ ಬಂದು, "ಫೋನ್ ಹಚ್ಚಿ ನಾಕು ಬೈರಿ ಅವಂಗ" ಎಂದಳು.

"ಬ್ಯಾಡ. ಯಾರ್ಯಾರು ಬಂದಾರ ನೋಡಬೇಕು," ಎಂದು ಪರಸಪ್ಪ ಎದ್ದರು. "ನನ್ನ ರುಮಾಲು ಕೊಡು. ಈಗ ಒಂದು ಬಸ್ ಐತಿ."

ಅವರು ಇಂಡಿ ಮುಟ್ಟಿದಾಗ ಪಡಸಾಲೆಯ ಮೌನ ಹಣ್ಣಾಗಿತ್ತು. ಬಿಸಿಲಿಗೆಂದು ತಲೆಗೆ ಸುತ್ತಿದ ರುಮಾಲಿನ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದ ಒಬ್ಬ ಮುದುಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂದಿನ ಸಾಲಿನಲ್ಲಿ ಕುಳಿತದ್ದನ್ನು ಯಾರೂ ತಿರುಗಿ ನೋಡಲಿಲ್ಲ. ತಲೆ ಬಗ್ಗಿಸಿದವರಿಗೆ ಕಾಣುವುದು ಅವರವರ ಮೊಣಕಾಲು ಮಾತ್ರ.

ಕಡೆಗೆ ಓಣಿಯ ಹಳೆಯ ಮನುಷ್ಯ ರೇವಪ್ಪ ಕೆಮ್ಮಿ ಬಾಯಿ ಬಿಟ್ಟ. "ಡ್ಯೂಟಿ ಮ್ಯಾಲಿನ ಫೋಟೊನ ಇಟ್ಟಾನ. ಚಲೋ ಮಾಡ್ಯಾನ. ನನ್ನ ಮಗಳು ಸಿಂದಗಿ ಹಾಸ್ಟೆಲಿನ್ಯಾಗ ಇದ್ದಾಗ ಇದ ಮನಶ್ಯಾ ಬುತ್ತಿ ಮುಟ್ಟಿಸಿದಾಂವ. ಒಮ್ಮೆ ಬಸ್ ಕೆಟ್ಟು ನಿಂತರ, ಲಾರಿ ಹತ್ತಿ ಹೋಗಿ ಕೊಟ್ಟು ಬಂದಿದ್ದ."

"ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಹೋಗಿದ್ದು ನಾ ಕೇಳಿಲ್ಲ," ಎಂದರು ಮತ್ತೊಬ್ಬರು. "ನನ್ನ ತಮ್ಮ ಅವನ ಬುತ್ತಿ ಉಂಡು ಮಾಸ್ತರ ಆದ."

ಹಿಂದಿನ ಸಾಲಿನ ರುಮಾಲು ಸ್ವಲ್ಪ ಕೆಳಗೆ ಬಾಗಿತು.

"ಹಿಂದಕ್ಕ ಸರೀರಿ, ಹಿಂದಕ್ಕ ಸರೀರಿ ಅಂತ ಜೀವಾ ಮಾತ್ರ ತಿಂತಿದ್ದ," ಎಂದಳು ಶೆಟ್ಟೆವ್ವ, ಮೂಗು ಒರೆಸಿಕೊಂಡು. "ಆ ಸೀಟಿ ಕೇಳಿ ನನ್ನ ಒಂದು ಕಿವಿ ಇನ್ನೂ ಗುಂಯ್ ಅಂತೈತಿ."

ರುಮಾಲು ನೆಟ್ಟಗಾಯಿತು.

ಮಾವನ ಬಗ್ಗೆ ಇಷ್ಟೊಂದು ಮಾತು ಯಾಕೆ ಬಂತೆಂದು ಸಿದ್ಧರಾಮ ಯೋಚಿಸುವಷ್ಟರಲ್ಲಿ ಕಾರ್ಯದರ್ಶಿ ಸಂಜೀವಕುಮಾರ ಎದ್ದು ನಿಂತರು. ಸಭೆ ಯಾವುದಾದರೂ ಎದ್ದು ನಿಲ್ಲುವುದು ಅವರ ಹುದ್ದೆಯ ಭಾಗ.

"ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು. ದಿವಂಗತ ಪರಸಪ್ಪನವರ ಆತ್ಮಕ್ಕೆ..."

ಸಿದ್ಧರಾಮನಿಗೆ ಆ ಒಂದು ಶಬ್ದ ಎದೆಗೆ ಬಡಿಯಿತು. ಕಾರ್ಯದರ್ಶಿಗಳು ಸುಳ್ಳು ಹೇಳುವುದಿಲ್ಲ. ಅದೂ ರವಿವಾರ. ಇಡೀ ಓಣಿ ಬಂದು ಕುಳಿತಿದೆ. ಎಲ್ಲರಿಗೂ ಗೊತ್ತು, ತನಗೆ ಮಾತ್ರ ಗೊತ್ತಿಲ್ಲ.

"ಮಾಮಾ ಹೋದರಾ?" ಎಂದು ಅವನು ಚೀರಿದ. "ಯಾವಾಗ್ರಿ? ಯಾರೂ ನನಗ ಹೇಳಲಿಲ್ಲಲ್ರಿ!"

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಪಾಪ, ದುಃಖ ತಲಿಗೆ ಏರೈತಿ," ಎಂದ ರೇವಪ್ಪ. "ನೀರ ಕೊಡ್ರಿ."

ರಾಜಶ್ರೀ ಅಡಿಗೆಮನೆಯಿಂದ ಓಡಿಬಂದು, ಸುದ್ದಿ ಕೇಳಿ, ಗಂಡನಿಗಿಂತ ಗಟ್ಟಿಯಾಗಿ ಅತ್ತಳು. ಸಾವಿನ ಸುದ್ದಿ ಹುಟ್ಟಿದ ಮನೆಗೇ ಅದು ಕಟ್ಟಕಡೆಗೆ ಮುಟ್ಟಿದ ಪ್ರಸಂಗ ಇದೊಂದೇ. ಸಿದ್ಧರಾಮ ಫೋಟೊದ ಮುಂದೆ ಮೊಣಕಾಲೂರಿದ. ಚೌಕಡಿಯ ಚೀಲ ಸ್ಪಷ್ಟವಾಗಿ ಮೂಡಿತ್ತು. ನೋಡಬೇಕಾದವರೇ ಇಲ್ಲ.

"ಮಾಮಾ!" ಎಂದು ಅವನು ಎದೆ ಬಿರಿದು ಕೂಗಿದ. "ನಿಮಗ ಒಂದು ಮಾತು ಹೇಳೂದಿತ್ರಿ! ಎಷ್ಟು ವರ್ಷದಿಂದ ಹೇಳಬೇಕಂತ... ಒಂದ ಒಂದು ಮಾತು..."

ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಹೇಳೋ. ಕೇಳಾಕತ್ತೇನಿ."

ಪರಸಪ್ಪ ರುಮಾಲು ತೆಗೆದು ನಿಂತಿದ್ದರು.

ಮೊದಲು ಓಡಿದವಳು ಶೆಟ್ಟೆವ್ವ. ಅವಳ ಹಿಂದೆ ಸಂಘದ ಸಿಬ್ಬಂದಿ. ಕಾರ್ಯದರ್ಶಿಗಳು ಹುದ್ದೆಗೆ ತಕ್ಕಂತೆ ನಡೆದೇ ಹೊರಟರು, ಆದರೆ ಬಹಳ ಬೇಗ ನಡೆದರು. ಬಾಗಿಲು ಒಂದು, ಜನ ಒಂದು ಓಣಿ. ಹೊಸ್ತಿಲಲ್ಲಿ ಎಲ್ಲರೂ ಒಟ್ಟಿಗೆ ಸಿಕ್ಕಿಹಾಕಿಕೊಂಡರು. ಅದನ್ನು ಕಂಡು ಪರಸಪ್ಪನ ಒಳಗಿನ ಇಡೀ ನೌಕರಿ ಎದ್ದು ಬಂತು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು.

"ಏಯ್! ಬಾಗಲದಾಗ ನಿಂದ್ರಬ್ಯಾಡ್ರಿ! ಒಬ್ಬೊಬ್ಬರ ಇಳೀರಿ! ಅಕ್ಕಾರ, ಹಿಂದಕ್ಕ ಸರೀರಿ! ಜಾಗ ಭಾಳ ಐತಿ, ಒಳಗ ಬರ್ರಿ!"

ಜನ ಹಿಂದಕ್ಕೆ ಸರಿದರು. ಆ ದನಿಗೆ ಸರಿದು ಅವರಿಗೆ ರೂಢಿಯಿತ್ತು. ಸರಿದ ಮೇಲೆ ದೆವ್ವ ಹೀಗೆಲ್ಲ ಬೈಯುವುದಿಲ್ಲವೆಂದು ಒಬ್ಬೊಬ್ಬರಿಗೇ ಹೊಳೆಯಿತು. ರೇವಪ್ಪ ಹತ್ತಿರ ಬಂದು ಪರಸಪ್ಪನ ಕೈ ಚಿವುಟಿ ನೋಡಿದ.

"ಬೆಚ್ಚಗದಾನ್ರಿ!" ಎಂದು ಘೋಷಿಸಿದ.

"ನಿನ್ನ ಕೈಯಾಗ ಉಗುರು ಭಾಳ ಅದಾವಲೇ," ಎಂದರು ಪರಸಪ್ಪ.

ಮಾಲೆಯ ಕಥೆ, ಊದಿನಕಡ್ಡಿಯ ಕಥೆ, ಶಾಯಿ ಆರಬೇಕಾದ ಕಥೆ ಎಲ್ಲ ಹೊರಬಂತು. "ಬದುಕಿದವರನ್ನ ಯಾರರೆ ಕಪ್ಪು-ಬಿಳುಪು ಮಾಡತಾರೇನ ತಮ್ಮಾ?" ಎಂದು ಶೆಟ್ಟೆವ್ವ ಬೈದಳು. ಕಾರ್ಯದರ್ಶಿಗಳು ಒಂದು ವಾರದ ರಜೆಯನ್ನು ನಿಂತಲ್ಲೇ ವಾಪಸು ಪಡೆದರು. ಆದರೆ ಯಾರೂ ಮನೆಗೆ ಹೋಗಲಿಲ್ಲ. ಅಡಿಗೆಮನೆಯಲ್ಲಿ ಓಣಿಯ ರೊಟ್ಟಿಯೆಲ್ಲ ಒಟ್ಟಿತ್ತು. ಸತ್ತವನು ಬಂದು ಕುಳಿತ ಮೇಲೆ ಅದನ್ನು ಹೊತ್ತು ಒಯ್ಯುವುದು ಮರ್ಯಾದೆಯೇ? ಜಮಖಾನೆ ಮಡಚಿ ತಾಟು ಹಾಕಿದರು. ಶೆಟ್ಟೆವ್ವ ಸಕ್ಕರೆ, ರವೆ ತರಿಸಿ ಶಿರಾ ಮಾಡಿದಳು. ಹೆಪ್ಪನ್ನೂ ಆಗಲೇ ಕೇಳಿ ಇಸಿದುಕೊಂಡಳು.

ಪರಸಪ್ಪ ಊಟಕ್ಕೆ ಕೂಡುವ ಮೊದಲು ಫೋಟೊದ ಮುಂದೆ ನಿಂತರು. ಕಣ್ಣು ಮಂಜು. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಒಂದೊಂದೇ ಚೀಲ ನೋಡಿದರು. ಯಾವ ಚೀಲ ಯಾರದೆಂದು ಅವರ ತುಟಿ ಆಡುತ್ತಿತ್ತು. ಒಂದು ಕಡೆ ಬೆರಳು ನಿಂತಿತು.

"ಈ ಚೌಕಡಿ ಚೀಲ ನಿಂದಲ್ಲೇನೋ, ಸಿದ್ದ್ಯಾ?"

"ಹೌದ್ರಿ."

"ನಿಮ್ಮವ್ವ ರೊಟ್ಟಿಗೆ ಶೇಂಗಾ ಹಿಂಡಿ ಭಾಳ ಖಾರ ಮಾಡತಿದ್ದಳು. ಬಸ್ ತುಂಬ ವಾಸನಿ."

"ಹೌದ್ರಿ."

ಬೆರಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಪರಸಪ್ಪ ತಿರುಗಿದರು. "ಏನೋ ಒಂದು ಮಾತು ಹೇಳೂದೈತಿ ಅಂತಿದ್ದೆಲ್ಲ. ಏನದು?"

ರಾಜಶ್ರೀ ಸೌಟು ಹಿಡಿದು ನಿಂತಳು. ರೇವಪ್ಪ ಎತ್ತಿದ ತುತ್ತನ್ನು ಕೆಳಗಿಟ್ಟ. ಸಿದ್ಧರಾಮನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ವಾರವೊಂದು ಬಳಸದೆ ಬಿಟ್ಟರೆ ಮೂಗು ಕಟ್ಟುವುದು ಪ್ರಿಂಟರಿಗೆ ಮಾತ್ರವಲ್ಲ.

"ಏನಿಲ್ರಿ ಮಾಮಾ," ಎಂದ. "ಊಟಾ ಮಾಡ್ರಿ. ರೊಟ್ಟಿ ಆರತಾವು."

ಪರಸಪ್ಪ ನಕ್ಕು ಕುಳಿತರು. ತಮ್ಮ ಸಾವಿನ ಬುತ್ತಿಯನ್ನು ಚಪ್ಪರಿಸಿ ಉಂಡರು, ಎರಡನೆಯ ಸಲ ಝುಣಕ ಹಾಕಿಸಿಕೊಂಡರು. ಫೋಟೊ ಮರುದಿನ ಕಟ್ಟು ಹಾಕಿಸಿಕೊಂಡು ಅವರ ತೊಡೆಯ ಮೇಲೆ ತಾಂಬಾದ ಬಸ್ಸು ಹತ್ತಿತು. ಯಾರೂ ಮಾಲೆ ಹಾಕಬಾರದೆಂದು ಚಂದವ್ವ ಅದನ್ನು ಮೊಳೆಗೆ ತೂಗುಹಾಕದೆ, ಜೋಳದ ಡಬ್ಬಿಯ ಮೇಲೆ ಇಟ್ಟಿದ್ದಾಳೆ. ಸಿದ್ಧರಾಮ ಇಂದಿಗೂ ವಾರಕ್ಕೊಂದು ಫೋಟೊ ತೆಗೆಯುತ್ತಾನೆ, ಓಣಿಯವರದು, ಎಲ್ಲರದೂ ಬಣ್ಣದಲ್ಲಿ.

ನೀವು ಬುತ್ತಿ ತರದಿದ್ದರೆ ನಾನು ಓದುತ್ತಿರಲಿಲ್ಲ ಎಂಬ ಮಾತನ್ನು ಅವನು ಮಾವನಿಗೆ ಎಂದೂ ಹೇಳಲಿಲ್ಲ.